ಪುಟ್ಟ ಮಕ್ಕಳ ನಡಿಗೆಗೆ ಕಿಲೋಮೀಟರ್ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಮಕ್ಕಳೊಂದಿಗೆ ಹೋಗಬಹುದಾದ ಸುಲಭ ಕಾಡುದಾರಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರಹಗಳು ಬರುತ್ತವೆ. ದೂರ 3 ಕಿ.ಮೀ., ಸಮಯ ಒಂದು ಗಂಟೆ ಎಂದಿರುತ್ತದೆ. ಅದು ದೊಡ್ಡವರ ಲೆಕ್ಕ. ಎರಡು ವರ್ಷದ ಮಗು ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತರೆ ಹತ್ತು ನಿಮಿಷ ಏಳುವುದಿಲ್ಲ. ಎದ್ದರೂ ಬಂದ ಕಡೆಗೇ ಓಡುತ್ತದೆ. ಈ ವಯಸ್ಸಿಗೆ ಹೋಗಿಬರುವುದೆಲ್ಲ ಸೇರಿ 1 ಕಿ.ಮೀ. ಸಾಕು, ಅದಕ್ಕೇ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು.

ಸುತ್ತುದಾರಿಗಿಂತ ಹೋದ ದಾರಿಯಲ್ಲೇ ಮರಳುವಂಥದ್ದು ವಾಸಿ. ಸುತ್ತುದಾರಿಯ ಅರ್ಧದಲ್ಲಿ ಮಗು ಹಟ ಹಿಡಿದರೆ ಹಿಂದೆ ಹೋದರೂ ಅಷ್ಟೇ, ಮುಂದೆ ಹೋದರೂ ಅಷ್ಟೇ. ಮಗು ಲವಲವಿಕೆಯಿಂದ ಇರುವಾಗಲೇ ತಿರುಗಿಬಿಡಬೇಕು. ‘ಎತ್ಕೋ’ ಎಂದ ಮೇಲೆ ತಿರುಗಿದರೆ 11–12 ಕೆ.ಜಿ. ಭಾರ ಕೊನೆಯವರೆಗೂ ತೋಳಿನ ಮೇಲೆ.

ಏರಿಗೆ ಹೆದರಬೇಕಿಲ್ಲ, ಮಕ್ಕಳು ಕೈಯೂರಿ ಹತ್ತುತ್ತಾರೆ. ಕಷ್ಟವಿರುವುದು ಇಳಿಜಾರಿನಲ್ಲಿ. ಮೈಗೆ ಹೋಲಿಸಿದರೆ ತಲೆ ದೊಡ್ಡದು, ವೇಗ ತಡೆಯುವಷ್ಟು ಬಲ ಕಾಲಿಗೆ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಜಲ್ಲಿಯಂಥ ಸಡಿಲ ಕಲ್ಲಿದ್ದಲ್ಲಿ ಮುಗ್ಗರಿಸಿದರೆ ಮುಖವೇ ನೆಲಕ್ಕೆ ಬಡಿಯುತ್ತದೆ. ದೊಡ್ಡವರು ಮಗುವಿಗಿಂತ ಒಂದು ಹೆಜ್ಜೆ ಕೆಳಗೆ ಇರಬೇಕು. ಬೀಳುತ್ತಿದೆ ಎಂದು ಒಂದು ಕೈ ಹಿಡಿದು ಮೇಲಕ್ಕೆ ಜಗ್ಗುವುದು ನಮಗೆಲ್ಲ ಅಭ್ಯಾಸ. ಆದರೆ ಹಾಗೆ ಜಗ್ಗಿದಾಗ ಮೊಣಕೈ ಕೀಲು ಜಾರುವುದುಂಟು. ಕಂಕುಳಡಿ ಕೈ ಹಾಕಿ ಎತ್ತಬೇಕು.

ಬೇರು, ಮೆಟ್ಟಿಲು ಇರುವ ದಾರಿಯಲ್ಲಿ ತಳ್ಳುಗಾಡಿ ನಡೆಯುವುದಿಲ್ಲ, ಬೆನ್ನಿಗೆ ಹಾಕುವ ಕ್ಯಾರಿಯರ್ ಬೇಕು. ಅದರಲ್ಲಿ ಕೂತ ಮಗುವಿನ ತಲೆ ನಮ್ಮ ತಲೆಗಿಂತ ಮೇಲಿರಬಹುದು ಎಂಬುದು ಮರೆತುಹೋಗುತ್ತದೆ. ತಗ್ಗಿದ ಕೊಂಬೆ ಬಂದಾಗ ಸೊಂಟ ಬಗ್ಗಿಸಿದರೆ ಮಗುವೇ ಮುಂದಕ್ಕೆ ಚಾಚಿ ಕೊಂಬೆಗೆ ತಾಗುತ್ತದೆ. ಮಂಡಿ ಮಡಿಸಿ ಕುಗ್ಗಬೇಕು. ಹೊತ್ತವರು ಬೆವರುತ್ತಿದ್ದರೂ ಅಲುಗಾಡದೆ ಕೂತ ಮಗುವಿಗೆ ಚಳಿ ಆಗಿರಬಹುದು. ಆಗಾಗ ಇಳಿಸಿ ಕತ್ತಿನ ಹಿಂಭಾಗ ಮುಟ್ಟಿ ನೋಡಿದರೆ ತಿಳಿಯುತ್ತದೆ.

ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸಿದು. ಕಾಯಿ, ಬೀಜ, ಅಣಬೆ ಕಂಡಲ್ಲಿ ಕಣ್ಣಿಟ್ಟಿರಬೇಕು. ಸೊಳ್ಳೆ ಮುಲಾಮನ್ನು ಮಗುವಿನ ಅಂಗೈಗೆ ಹಚ್ಚಬಾರದು. ತಿನಿಸು ಕೊಡುವುದಾದರೆ ನಿಂತು, ಕೂರಿಸಿ ಕೊಡಿ. ನಡೆಯುತ್ತಾ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ತೊರೆಯ ಬಳಿ ಮಗು ಕೈಗೆಟುಕುವಷ್ಟು ಹತ್ತಿರವೇ ಇರಬೇಕು, ಪಾದ ಮುಳುಗದಷ್ಟು ನೀರಾದರೂ ಸರಿ.

ಮರಳಿದ ಮೇಲೆ ಕಿವಿಯ ಹಿಂದೆ, ಕೂದಲಲ್ಲಿ, ಮಂಡಿಯ ಹಿಂದೆ, ಡೈಪರ್ ಅಂಚಿನಲ್ಲಿ ಉಣ್ಣೆ (ಉಣುಗು) ಕಚ್ಚಿದೆಯೇ ನೋಡಬೇಕು. ಕಂಡರೆ ಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಮೊನಚು ಚಿಮುಟದಿಂದ ಚರ್ಮಕ್ಕೆ ಅಂಟಿಕೊಂಡಂತೆ ಹಿಡಿದು, ತಿರುಚದೆ ನೇರವಾಗಿ ಎಳೆದು ತೆಗೆದು, ಜಾಗವನ್ನು ಸೋಪುನೀರಿನಲ್ಲಿ ತೊಳೆಯಬೇಕು. ಆಮೇಲೆ ಜ್ವರವೋ ದದ್ದೋ ಕಾಣಿಸಿದರೆ ವೈದ್ಯರಿಗೆ ಉಣ್ಣೆ ಕಚ್ಚಿದ್ದನ್ನು ಹೇಳಲೇಬೇಕು.

ಇಂಥ ದಾರಿಗಳ ಬಗ್ಗೆ ಬರೆಯುವಾಗ ಮೆಟ್ಟಿಲು ಎಷ್ಟು, ನೆರಳು ಎಲ್ಲಿಯವರೆಗೆ, ನೀರಿನಂಚಿಗೆ ಬೇಲಿ ಇದೆಯೇ, ಮಗುವನ್ನು ಕೂರಿಸಲು ಮೊದಲ ಸಮತಟ್ಟು ಜಾಗ ಎಷ್ಟು ದೂರದಲ್ಲಿದೆ ಎಂಬುದನ್ನೂ ದಯವಿಟ್ಟು ಪ್ರಕಟಿಸಿ. ದಾರಿಯ ಆರಂಭದ ಫಲಕಗಳಲ್ಲೂ ಇಷ್ಟು ವಿವರ ಇರಬೇಕು.

– ಚಾರಣಾಸಕ್ತ ಓದುಗರು