ಗಾಯ ಮಾಯಿಸೋ ಪದ ಒಂದು ಸಿಕ್ತು ದೋಸ್ತಾ

ದೋಸ್ತಾ,

ಮೊನ್ನೆ ಡಿಕ್ಷನರಿ ತಿರುವ್ಯಾಕ ಕುಂತಾಗ ವಲ್ನರರಿ ಅಂತ ಒಂದು ಇಂಗ್ಲಿಷ್ ಪದ ಕಣ್ಣಿಗೆ ಬಿತ್ತು, ಆವಾಗಿಂದ ನಿನಗ ಹೇಳ್ಬೇಕು ಹೇಳ್ಬೇಕು ಅಂತ ತಲ್ಯಾಗ ಕುಂತೈತಿ. ಗಾಯ ಮಾಯಿಸುವಂಥದ್ದು ಅಂತ ಅರ್ಥ, ಅಂಥ ಔಷಧಕ್ಕೂ ಅದ ಹೆಸರು. ಎಲ್ಲಾ ರೋಗಕ್ಕಲ್ಲ ಮತ್ತ, ಬರೀ ಗಾಯಕ್ಕ. ನಮ್ಮಲ್ಲೂ ಹಂಗ ಅಲ್ಲೇನು, ಜ್ವರ ಬಿಡ್ತೈತಿ, ನೆಗಡಿ ಕಡಿಮಿ ಆಗ್ತೈತಿ, ಗಾಯ ಮಾಯ್ತೈತಿ.

ಲ್ಯಾಟಿನ್‌ನಾಗ ವುಲ್ನುಸ್ ಅಂದ್ರ ಗಾಯ, ಅದರಿಂದ ವುಲ್ನೆರಾರಿಯುಸ್, ಅಲ್ಲಿಂದ ಇಂಗ್ಲಿಷಿಗೆ ಬಂದು 400 ವರ್ಷ ದಾಟೈತಿ. ನ್ಯೂಸ್‌ನಾಗ ದಿನಾ ವಲ್ನರಬಲ್ ವಲ್ನರಬಲ್ ಅಂತಾರಲ್ಲ, ಲಗೂನ ಪೆಟ್ಟು ಬೀಳುವಂಥವ್ರು ಅಂತ, ಅದೂ ಇದ ಬೇರಿಂದ ಹುಟ್ಟಿದ್ದು. ಅದು ಎಲ್ಲಾರ ಬಾಯಾಗೈತಿ, ಇದನ್ನ ಈಗ ಯಾರೂ ಆಡೋದಿಲ್ಲ, ನನಗಂತೂ ಭಾಳ ಕೆಟ್ಟ ಅನ್ನಿಸ್ತು.

ಇದಕ್ಕೊಂದು ಕತಿನೂ ಐತಿ ಕೇಳು. ಕ್ರಿ.ಪೂ. 219ರಾಗ ಆರ್ಕಗಥಸ್ ಅನ್ನೋ ಗ್ರೀಕ್ ವೈದ್ಯ ರೋಮಿಗೆ ಬಂದ, ರೋಮಿನ ಹಳೇ ಲೇಖಕ ಪ್ಲಿನಿ ಬರದಾನ, ಸರ್ಕಾರಿ ರೊಕ್ಕದಾಗ ಅವಂಗ ಅಂಗಡಿ ಕೊಡಿಸಿ ವುಲ್ನೆರಾರಿಯುಸ್ ಅಂತ ಕರದ್ರಂತ, ಆಮ್ಯಾಲ ಅಂವ ಕೊಯ್ಯೋದು ಸುಡೋದು ನೋಡಿ ಅದ ಮಂದಿನ ಕಟುಕ ಅಂತ ಹೆಸರಿಟ್ರಂತ. ಅರವಳಿಕಿ ಇಲ್ಲದ ಕಾಲ, ಅಂವರ ಏನ್ ಮಾಡ್ಯಾನು, ಮಂದಿಯರ ಹೆಂಗ ತಡಕೊಂಡಾರು ಹೇಳು.

ಯುರೋಪಿನ ಒಂದು ಗಿಡಕ್ಕ 1753ರಾಗ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ ಆಂಥಿಲಿಸ್ ವಲ್ನರೇರಿಯಾ ಅಂತ ಹೆಸರಿಟ್ಟ, ಗಾಯಕ್ಕ ಹಚ್ಚತಿದ್ರು ಅಂತ. ನಮ್ಮ ಗಂಗಾವತಿ ಕಡಿ ಹುಲ್ಲು ಕೊಯ್ಯುವಾಗ ಕುಡಗೋಲು ತಾಗಿದ್ರ ಬದುವಿನ ಸೊಪ್ಪು ತಿಕ್ಕಿ ರಸ ಹಿಂಡ್ತಾರ, ಮನ್ಯಾಗಾದ್ರ ಅರಿಷಿಣ. ಆ ಅರಿಷಿಣಕ್ಕ 1995ರಾಗ ಅಮೆರಿಕದವ್ರು ಪೇಟೆಂಟ್ ಕೊಟ್ಟಿದ್ರು, ಗಾಯ ಮಾಯಿಸಾಕ ಬಳಸೋದು ಹೊಸಾ ಶೋಧ ಅಂತ! ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನವ್ರು ಬಿಡಲಿಲ್ಲ, ಹಳೇ ಸಂಸ್ಕೃತ ಗ್ರಂಥ, 1953ರ ಡಾಕ್ಟರ್ ಪತ್ರಿಕಿ ಲೇಖನ ಎಲ್ಲಾ ಮುಂದಿಟ್ಟು 1997ರಾಗ ರದ್ದು ಮಾಡಿಸಿದ್ರು. ನಮ್ಮ ಅಜ್ಜಿ ಡಬ್ಬಿಯಾಗಿನ ಅರಿಷಿಣಕ್ಕ ಅಷ್ಟು ದೂರ ಹೋಗಿ ಸಾಕ್ಷಿ ಹೇಳಬೇಕಾತು ನೋಡು, ನೆನಸಿಕೊಂಡ್ರ ಈಗಲೂ ಸಿಟ್ಟು ಬರ್ತೈತಿ.

ಹಂಗಂತ ನಿನ್ನ ಕಾಲಿನ ಹೊಲಿಗಿ ಮ್ಯಾಲ ಅವ್ವ ಅರಿಷಿಣ ಒತ್ತಾಕ ಬಂದ್ರ ಬ್ಯಾಡ ಅನ್ನು. ಗಾಯ ಆಳ ಐತಿ, ನಿನಗ ಶುಗರ್ ಬ್ಯಾರೆ, ಡಾಕ್ಟರ್ ಹೇಳಿದ ಡ್ರೆಸಿಂಗ್ ಒಂದೂ ತಪ್ಪಿಸಬ್ಯಾಡ. ಮುಂದಿನ ಸಲ ನಾನ ಬರ್ತೀನಿ, ಗಾಡಿ ನಾ ಹೊಡೀತೀನಿ, ನೀ ಹಿಂದ ಕುಂದ್ರು.

ನಿನ್ನ ದೋಸ್ತ