ಘಟ್ಟಕ್ಕೆ ಬನ್ನಿ, ಬಾಳೆಹಣ್ಣು ಬೇಡ

ಸಂಪಾದಕರಿಗೆ ನಮಸ್ಕಾರ.

ಚಳಿಗೆ ಮೊದಲು ಎಲೆ ಕೆಂಪಾದ ಕಾಶ್ಮೀರದ ಚಿನಾರ್ ಮರಗಳ ಫೋಟೊ ನಿಮ್ಮ ಭಾನುವಾರದ ಪುರವಣಿಯಲ್ಲಿ ನೋಡಿದೆ. ಚೆನ್ನಾಗಿತ್ತು. ನಾನು ಹೊನ್ನಾವರದಲ್ಲಿ ಟ್ಯಾಕ್ಸಿ ಓಡಿಸುವವ. ಗೇರುಸೊಪ್ಪೆ ಘಟ್ಟ ಹತ್ತಿ ಜೋಗಕ್ಕೆ ಹೋಗಿಬರುವುದೇ ಜಾಸ್ತಿ. ಆ ದಾರಿಯ ಸಿಂಗಳೀಕಗಳ, ಅಂದರೆ ಸಿಂಹಬಾಲದ ಕೋತಿಗಳ, ಬಗ್ಗೆ ಒಂದು ಮಾತು ಹೇಳಬೇಕಿದೆ. ಅದಕ್ಕೆ ಮೊದಲು ಎಲೆಯ ವಿಷಯ. ದಸರೆ ರಜೆಗೆ ಬರುವ ಬೆಂಗಳೂರಿನವರೂ ಈಗೀಗ ಕೇಳುತ್ತಾರೆ, "ಇಲ್ಲಿ ಎಲೆ ಕೆಂಪಾಗೋದು ಯಾವಾಗ?"

ನಮ್ಮಲ್ಲಿ ಲೆಕ್ಕ ಉಲ್ಟಾ. ದಸರೆಯಲ್ಲಿ ಕಾಡೆಲ್ಲ ಹಸಿರೇ. ಮತ್ತಿ, ಹೊನ್ನೆ ಎಲೆ ಉದುರಿಸುವುದು ಚಳಿ ಮುಗಿದ ಮೇಲೆ. ಕಾನಿನ, ಅಂದರೆ ಸದಾ ಹಸಿರಿನ ದಟ್ಟ ಕಾಡಿನ, ಮರಗಳಂತೂ ಒಟ್ಟಿಗೆ ಬೋಳಾಗುವುದೇ ಇಲ್ಲ. ಅಲ್ಲಿ ಕೆಂಪು ಇರುವುದು ಚಿಗುರಿನಲ್ಲಿ. ಶಿವರಾತ್ರಿ ಆಸುಪಾಸಿಗೆ ಬನ್ನಿ. ನಾಗಸಂಪಿಗೆಯ ಎಳೆ ಎಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ, ಬಣ್ಣ ಮಾತ್ರ ಕುಂಕುಮದ್ದು. ಕೆಲವೇ ದಿನ, ಆಮೇಲೆ ಹಸಿರು.

ಘಟ್ಟ ಹತ್ತಿ ಹೋಗುವಾಗ ಮಾವಿನಗುಂಡಿ ಊರಿಗೆ ಮೊದಲು ಕತ್ತಲೆಕಾನು ಎಂಬ ಕಾಡು ಸಿಗುತ್ತದೆ. ರಾಮಪತ್ರೆ (ಕಾಡು ಜಾಯಿಕಾಯಿ) ಮರಗಳ ಜೌಗು ಅದು. ಬೇರುಗಳು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಎದ್ದಿರುತ್ತವೆ. ಇಂಜಿನ್ ಬಂದ್ ಮಾಡಿ ಕೂತರೆ ಒಮ್ಮೊಮ್ಮೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಹಾರುವ ಸದ್ದು ಕೇಳುತ್ತದೆ, ಲಾರಿ ಬ್ರೇಕ್ ಗಾಳಿ ಬಿಟ್ಟ ಹಾಗೆ.

ನಾನು ಬರೆಯಲು ಕೂತಿದ್ದು ಮಾತ್ರ ಸಿಂಗಳೀಕದ ಬಗ್ಗೆ. ಪಶ್ಚಿಮ ಘಟ್ಟ ಬಿಟ್ಟರೆ ಇದು ಇನ್ನೆಲ್ಲೂ ಇಲ್ಲ. 2019ರಲ್ಲಿ ಶರಾವತಿ ಅಭಯಾರಣ್ಯವನ್ನು ಸುಮಾರು 930 ಚದರ ಕಿಲೋಮೀಟರಿಗೆ ಹಿಗ್ಗಿಸಿ ಸಿಂಗಳೀಕದ ಹೆಸರನ್ನೇ ಇಟ್ಟರು. ಹಲಸು, ಉಪ್ಪಾಗೆ, ರಾಮಪತ್ರೆ ತಿಂದುಕೊಂಡು ಮರದ ನೆತ್ತಿಯಲ್ಲಿ ಇರಬೇಕಾದ ಪ್ರಾಣಿ ಈಗ ರಸ್ತೆ ಬದಿಯ ಕಟ್ಟೆಯಲ್ಲಿ ಕೂತು ಕಾಯುತ್ತದೆ.

ಕಲಿಸಿದವರಲ್ಲಿ ನಾನೂ ಒಬ್ಬ. ಮೊದಲೆಲ್ಲ ಡ್ಯಾಶ್‌ಬೋರ್ಡಿನ ಮೇಲೆ ಬಾಳೆಹಣ್ಣು ಇಟ್ಟುಕೊಂಡೇ ಹೊರಡುತ್ತಿದ್ದೆ. ತಿರುವಿನಲ್ಲಿ ಹಾರ್ನ್ ಹೊಡೆದರೆ ಬರುತ್ತಿದ್ದವು. ಮಕ್ಕಳು ಕುಣಿಯುತ್ತಿದ್ದರು, ನನಗೆ ನೂರು ರೂಪಾಯಿ ಜಾಸ್ತಿ ಸಿಗುತ್ತಿತ್ತು.

ಹೋದ ವರ್ಷ ಅದೇ ತಿರುವಿನಲ್ಲಿ ಒಂದು ತಾಯಿ ಸಿಂಗಳೀಕ ಚಿಪ್ಸ್ ಪೊಟ್ಟಣದೊಳಗೆ ಇಡೀ ಮುಖ ತೂರಿಸಿ ನೆಕ್ಕುತ್ತಿತ್ತು. ಮುಖದ ಸುತ್ತಲಿನ ಆ ಬಿಳಿ ಕೂದಲಿಗೆಲ್ಲ ಮಸಾಲೆ ಮೆತ್ತಿತ್ತು. ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಪೊಟ್ಟಣ ಕಣ್ಣಿಗೆ ಅಡ್ಡ, ಎದುರಿನಿಂದ ಬಂದ ಕಾರು ಅದಕ್ಕೆ ಕಾಣಲೇ ಇಲ್ಲ. ಒಂದು ಮಾರು ಅಂತರದಲ್ಲಿ ಕಾರು ನಿಂತಿತು. ಕಾರಿನವರು ಸುಮ್ನೆ ನಕ್ಕು, ಇನ್ನೊಂದು ಬಿಸ್ಕತ್ತು ಎಸೆದು ಹೋದರು. ನನಗೆ ಬೈಯಲು ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬೈಯಲಿ?

ಬೋರ್ಡ್ ಹಾಕಿದರೆ ಸಾಲದು, ಓದುವವರು ಯಾರು? ರಜಾ ದಿನಗಳಲ್ಲಾದರೂ ಅಂಥ ತಿರುವುಗಳಲ್ಲಿ ಒಬ್ಬ ಗಾರ್ಡ್ ನಿಲ್ಲಲಿ. ಸ್ಟ್ಯಾಂಡಿನ ನನ್ನ ಜೊತೆಗಾರರಿಗೂ ಒಂದು ಮಾತು. ಗಿರಾಕಿ ಹಣ್ಣಿನ ಚೀಲ ಬಿಚ್ಚಿದ ಕೂಡಲೇ ಗಾಜು ಏರಿಸಿ. ಟಿಪ್ಸ್ ಕಡಿಮೆಯಾಗುತ್ತದೆ, ನನಗೂ ಆಗಿದೆ. ಮುನಿಸಿಕೊಂಡರೆ ಕತ್ತಲೆಕಾನಿನಲ್ಲಿ ಐದು ನಿಮಿಷ ಇಂಜಿನ್ ಬಂದ್ ಮಾಡಿ.

– ಒಬ್ಬ ಟ್ಯಾಕ್ಸಿ ಚಾಲಕ, ಹೊನ್ನಾವರ