ಇಳಿಯುವಾಗ ನೋಯುವ ಮಂಡಿ: ತಮ್ಮನ ಮಗಳಿಗೆ ಒಂದು ಕಾಗದ

ಮೈಸೂರು,
ಭಾನುವಾರ ಬೆಳಿಗ್ಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಜಾಸ್ತಿ ಮಾತಾಡಲಿಲ್ಲ. ನಾನು ಒಂದು ಹೇಳಿದರೆ ನೀನು ಎರಡು ಹೇಳುತ್ತೀಯ. ಅಷ್ಟರಲ್ಲಿ ನಿಮ್ಮ ದೊಡ್ಡಮ್ಮ ಫೋನ್ ಕಿತ್ತುಕೊಂಡು "ಊಟ ಆಯ್ತಾ" ಅಂತ ಶುರು ಮಾಡುತ್ತಾಳೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ನನಗೆ ಅರ್ಥವಾಗಿದ್ದು ಇಷ್ಟು. ಏಪ್ರಿಲ್‌ನಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೀಯ. ಸಂಕ್ರಾಂತಿ ಕಳೆದ ಮೇಲೆ ಓಡಲು ಶುರು ಮಾಡಿದೆ. ಮೂರನೇ ವಾರಕ್ಕೇ 3 ಕಿಲೋಮೀಟರಿನಿಂದ 8ಕ್ಕೆ ಹಾರಿದೆ. ಅದರ ಮೇಲೆ ಶನಿವಾರ ಗೆಳತಿಯರ ಜೊತೆ ಬೆಟ್ಟ ಬೇರೆ. ಈಗ ಮಂಡಿಚಿಪ್ಪಿನ ಸುತ್ತ ಎಲ್ಲೋ ನೋವು. ಇಲ್ಲೇ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಪ್ರಾಣ ಹೋಗುತ್ತೆ. ಸಿನಿಮಾ ಮುಗಿಸಿ ಎದ್ದರೆ ನಾಲ್ಕು ಹೆಜ್ಜೆ ಕುಂಟಬೇಕು. ಪಕ್ಕದ ಮನೆಯವರು "38ಕ್ಕೇ ಗ್ರೀಸ್ ಖಾಲಿಯಾಗಿದೆ, ಇನ್ನು ಓಡೋದು ಬಿಡು" ಅಂದರು. ನೀನು ಅತ್ತುಬಿಟ್ಟೆ.

ಅಳುವಂಥದ್ದು ಏನೂ ಆಗಿಲ್ಲ ಅನ್ನಿಸುತ್ತೆ. ಯಾಕೆ ಅಂತ ಹೇಳುವ ಮೊದಲು ನನ್ನ ಕಥೆ ಕೇಳು. ನಿನಗೆ ಇದರ ಅರ್ಧ ಮಾತ್ರ ಗೊತ್ತು.

ನನಗೆ 52 ಆದಾಗ ಬಲ ಮಂಡಿ ಹಿಡಿದುಕೊಂಡಿತು. ಖೋ ಖೋ ಆಡಿಸಿ, ಆಡಿ, ಹುಡುಗರ ಜೊತೆ ಬಸ್ಕಿ ಹೊಡೆದು ಬೆಳೆದ ಕಾಲು ಅದು. ಎಕ್ಸ್‌ರೇ ತೆಗೆಸಿದೆ. ನೋಡಿದವರು ಎರಡೇ ನಿಮಿಷದಲ್ಲಿ ಹೇಳಿದರು: "ಸವೆದಿದೆ ಮೇಷ್ಟ್ರೇ. ಮೆಟ್ಟಿಲು ಹತ್ತಬೇಡಿ, ಕೆಳಗೆ ಕೂರಬೇಡಿ." ನಾನು ಒಳ್ಳೆ ವಿದ್ಯಾರ್ಥಿಯ ಹಾಗೆ ಪಾಲಿಸಿದೆ. ಎರಡು ವರ್ಷ ಕುರ್ಚಿ ಬಿಡಲಿಲ್ಲ. ವಿಸಿಲ್ ಕೂಡ ಕೂತೇ ಊದುತ್ತಿದ್ದೆ. 9 ಕಿಲೋ ಏರಿದೆ. ನೋವು ಕಡಿಮೆ ಆಯಿತಾ? ಬಾತ್‌ರೂಮಿಗೆ ಹೋಗಲೂ ಗೋಡೆ ಹಿಡಿಯುವ ಹಾಗಾಯಿತು.

ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಫಿಸಿಯೋಥೆರಪಿಸ್ಟ್ ಸಿಕ್ಕಳು. ಬಂದವಳೇ ಎಕ್ಸ್‌ರೇ ಪಕ್ಕಕ್ಕಿಟ್ಟು ಟೇಪ್ ಹಿಡಿದು ನನ್ನ ಎರಡೂ ತೊಡೆ ಅಳೆದಳು. ಬಲತೊಡೆ ಎಡಕ್ಕಿಂತ 2 ಸೆಂಟಿಮೀಟರ್ ಸಣ್ಣ! "ಸರ್, ಮಂಡಿ ಹಿಡಿದುಕೊಳ್ಳೋ ಕೆಲಸ ತೊಡೇದು. ತೊಡೆ ರಜೆ ಹಾಕಿದೆ" ಅಂದಳು. ಆಮೇಲೆ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಒತ್ತು ಅಂದಳು. ಮೂವತ್ತು ವರ್ಷ ಡ್ರಿಲ್ ಮಾಡಿಸಿದ ಪಿ.ಟಿ. ಮೇಷ್ಟ್ರಿಗೆ ಟವೆಲ್ ಒತ್ತುವ ಪಾಠ. ನಗು ಬಂತು. ಒತ್ತಿದೆ. ತೊಡೆ ನಡುಗಿತು. ನಗು ನಿಂತಿತು.

ಈಗ ನಿನ್ನ ಮಂಡಿಗೆ ಬರೋಣ. ನೀನು ಹೇಳಿದ ಲಕ್ಷಣಗಳು, ಅಂದರೆ ಚಿಪ್ಪಿನ ಸುತ್ತ ನೋವು, ಇಳಿಯುವಾಗ ಜಾಸ್ತಿ, ಬಹಳ ಹೊತ್ತು ಕೂತು ಎದ್ದಾಗ ಜಾಸ್ತಿ, ಇದಕ್ಕೆ ಓಟಗಾರರ ಮಂಡಿ ಅಂತಲೇ ಹೆಸರಿದೆ. ಮಂಡಿಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ಒಂದು ಕಾಲುವೆಯಂಥ ಜಾಗದಲ್ಲಿ ಮೇಲೆ ಕೆಳಗೆ ಜಾರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗ ಅದರ ಮೇಲೆ ಬೀಳುವ ಒತ್ತಡ ದೇಹದ ತೂಕದ ಸುಮಾರು ಅರ್ಧ. ಮೆಟ್ಟಿಲಲ್ಲಿ ಅದು ಸುಮಾರು ಮೂರು ಪಟ್ಟು ಆಗುತ್ತೆ. ಪೂರ್ತಿ ಬಸ್ಕಿ ಕೂತರೆ ಇನ್ನೂ ಎಷ್ಟೋ ಜಾಸ್ತಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಿಡಿಯುತ್ತಾ ಇರಬೇಕು. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಬ್ರೇಕ್ ನೆನೆಸಿಕೋ. ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವ ನಿನ್ನ ತೊಡೆಗೆ ಮೂರು ವಾರದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ನಿನಗೆ ಉಸಿರು ಸಿಕ್ಕಿತು, ಉತ್ಸಾಹ ಸಿಕ್ಕಿತು. ಸ್ನಾಯು ಹಿಂದೆ ಉಳಿಯಿತು. ಅಷ್ಟೇ.

ಆ ಗ್ರೀಸ್ ವಿಷಯ. ಕೀಲಿನೊಳಗೆ ಒಂದು ದ್ರವ ಇರುವುದು ನಿಜ. ಆದರೆ ಅದು ಸ್ಕೂಟರಿನ ಆಯಿಲ್ ಥರ ಓಡಿಸಿದಷ್ಟೂ ಖಾಲಿಯಾಗುವ ಸಾಮಾನಲ್ಲ. ಮೂಳೆಯ ತುದಿಯಲ್ಲಿರುವ ನುಣುಪಾದ ಪದರಕ್ಕೆ, ಅಂದರೆ ಕಾರ್ಟಿಲೇಜಿಗೆ, ರಕ್ತನಾಳಗಳಿಲ್ಲ. ಕಾಲು ಆಡಿದಾಗ ಅದು ಸ್ಪಂಜಿನ ಹಾಗೆ ಅದುಮಿ ಉಬ್ಬಿ, ಆ ದ್ರವದಿಂದಲೇ ಊಟ ತೆಗೆದುಕೊಳ್ಳುತ್ತದೆ. ಸುಮ್ನೆ ಕೂತರೆ ಅದಕ್ಕೆ ಉಪವಾಸ. ಮಂಡಿ ಕಟಕಟ ಅಂದರೂ ನೋವು, ಊತ ಇಲ್ಲದಿದ್ದರೆ ಆ ಶಬ್ದ ಬರಲಿ ಬಿಡು. ನನ್ನದು ಈಗಲೂ ಪೂಜೆ ಮಾಡಿ ಏಳುವಾಗ ಮನೆಯವರಿಗೆಲ್ಲ ಕೇಳಿಸುತ್ತೆ.

ಓಡಿದರೆ ಮಂಡಿ ಸವೆಯುತ್ತೆ ಅನ್ನುವ ಭಯಕ್ಕೂ ಒಂದು ಲೆಕ್ಕ ಕೊಡುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಹವ್ಯಾಸಕ್ಕೆ ಓಡುವವರಲ್ಲಿ ಸೊಂಟದ ಕೀಲು ಅಥವಾ ಮಂಡಿಯ ಸವೆತ ಇದ್ದಿದ್ದು ಶೇ. 3.5 ಜನರಿಗೆ. ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗೇ ಬದುಕುವ ಓಟಗಾರರಲ್ಲಿ ಶೇ. 13.3. ನೀನು ಮೊದಲನೇ ಗುಂಪಿನವಳು. ಮೂರನೇ ಗುಂಪಿಗೆ ಹೋಗುವ ಆಸೆ ಇದ್ದರೆ ಬೇರೆ ಕಾಗದ ಬರೆಯುತ್ತೇನೆ.

ಮಾಡಬೇಕಾದ್ದು ಹೇಳುತ್ತೇನೆ. ಪೂರ್ತಿ ನಿಲ್ಲಿಸಬೇಡ. ಎರಡು ವಾರ ಬೆಟ್ಟ ಬಿಡು, ಇಳಿಜಾರು ಬಿಡು. ಒಂದೆರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಸಮತಟ್ಟಾದ ಜಾಗದಲ್ಲಿ ಮಾಡು. ಹತ್ತರಲ್ಲಿ ಎಷ್ಟು ನೋವು ಅಂತ ನಿನ್ನನ್ನೇ ಕೇಳಿಕೋ. ಮೂರರವರೆಗೆ ಬಂದರೆ ಪರವಾಗಿಲ್ಲ, ಮಾರನೇ ಬೆಳಿಗ್ಗೆಗೆ ಅದು ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ ಅರ್ಥ, ಕಡಿಮೆ ಮಾಡು. ಓಡುವಾಗ ದೊಡ್ಡ ದೊಡ್ಡ ಹೆಜ್ಜೆ ಬೇಡ. ಅದೇ ವೇಗದಲ್ಲಿ ಹೆಜ್ಜೆ ಸ್ವಲ್ಪ ಚಿಕ್ಕದಾಗಲಿ, ಸಂಖ್ಯೆ ಶೇ. 5ರಿಂದ 10 ಜಾಸ್ತಿ ಆಗಲಿ. ಮಂಡಿಯ ಮೇಲಿನ ಭಾರ ಇದರಿಂದಲೇ ಕಡಿಮೆಯಾಗುತ್ತದೆ. ಖರ್ಚಿಲ್ಲದ ಚಿಕಿತ್ಸೆ.

ವಾರಕ್ಕೆ ಮೂರು ದಿನ ವ್ಯಾಯಾಮ. ಶುರುವಿಗೆ ನನ್ನ ಟವೆಲ್ ಪಾಠ: ಒತ್ತಿ, ಐದು ಎಣಿಸಿ, ಬಿಡು. ಆಮೇಲೆ ಅಂಗಾತ ಮಲಗಿ, ಒಂದು ಮಂಡಿ ಮಡಿಸಿ, ಇನ್ನೊಂದು ಕಾಲನ್ನು ನೇರವಾಗಿ ಒಂದು ಗೇಣು ಎತ್ತಿ ನಿಧಾನ ಇಳಿಸು. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದನ್ನು ಮಾತ್ರ ತಪ್ಪಿಸಬೇಡ. ಸೊಂಟದ ಪಕ್ಕದ ಸ್ನಾಯು ಸೋತರೆ ಓಡುವಾಗ ಮಂಡಿ ಒಳಕ್ಕೆ ವಾಲಬಹುದು, ಆಗ ಚಿಪ್ಪಿಗೆ ಏಟು. ಇದು ಸಲೀಸಾದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಜಾರಿ, ನೋಯದಷ್ಟೇ ಕೆಳಗೆ ನಿಲ್ಲು. ಕಡೆಗೆ ಮನೆಯ ಮುಂದಿನ ತಗ್ಗು ಮೆಟ್ಟಿಲಿನಿಂದ ಒಂದು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ಅಭ್ಯಾಸ. ಹೊಸ್ತಿಲ ಮೇಲೆ ನಿಂತು ಮಾಡಬೇಡ, ದೊಡ್ಡಮ್ಮನಿಗೆ ಗೊತ್ತಾದರೆ ಇಬ್ಬರಿಗೂ ಮಂಗಳಾರತಿ. ಆರು ವಾರದಿಂದ ಹನ್ನೆರಡು ವಾರ ಬೇಕು. ಎಂಟನೇ ದಿನ ಫೋನ್ ಮಾಡಿ "ಏನೂ ಆಗ್ಲಿಲ್ಲ ದೊಡ್ಡಪ್ಪ" ಅನ್ನಬೇಡ.

ಆಫೀಸಿನಲ್ಲಿ ಮಂಡಿ ಮಡಿಸಿಯೇ ಕೂರಬೇಡ. ಅರ್ಧ ಗಂಟೆಗೊಮ್ಮೆ ಕಾಲು ಚಾಚು, ಎದ್ದು ನೀರು ತಾ. ಮಂಡಿಗೆ ಬಿಗಿಯುವ ಪಟ್ಟಿ (ನೀ-ಕ್ಯಾಪ್) ಹಾಕಿದರೆ ಹಾಯೆನಿಸಬಹುದು, ಹಾಕಿಕೋ, ಆದರೆ ಅದು ತೊಡೆಯ ಕೆಲಸ ಮಾಡಿಕೊಡುವುದಿಲ್ಲ. ಎಣ್ಣೆ ತಿಕ್ಕುವುದೂ ಅಷ್ಟೇ. ನೋವಿನ ಮಾತ್ರೆ ನುಂಗಿ ಓಡುವ ಕೆಲಸ ಮಾತ್ರ ಬೇಡವೇ ಬೇಡ. ನೋವು ಮುಚ್ಚಿಹೋಗುತ್ತೆ, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ. ಬೆವರಿ ನೀರು ಕಮ್ಮಿಯಾದಾಗ ಅಂಥ ಮಾತ್ರೆಗಳು ಕಿಡ್ನಿಗೂ ಕೆಟ್ಟದ್ದು.

ಇಷ್ಟೆಲ್ಲ ಹೇಳಿದ್ದು ನೀನು ವಿವರಿಸಿದ ನೋವಿಗೆ. ಕಾಗದದಲ್ಲಿ ಮಂಡಿ ಮುಟ್ಟಿ ನೋಡಲು ಆಗುವುದಿಲ್ಲ, ಅದಕ್ಕೇ ಒಬ್ಬ ಫಿಸಿಯೋಗೆ ಒಮ್ಮೆ ತೋರಿಸು. ಇನ್ನು ಕೆಲವಕ್ಕೆ ಕಾಯಲೇಬಾರದು. ಕಾಲು ತಿರುಚಿ "ಟಕ್" ಅಂದು ಒಂದೆರಡು ಗಂಟೆಯಲ್ಲೇ ಊದಿದರೆ ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ, ಹರಿದಿರಬಹುದು. ಮಂಡಿ ಮಡಿಸಿದ್ದು ಬಿಡಿಸಲು ಬಾರದೆ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ, ಕಾಲೂರಲು ಆಗದಿದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗು. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆ. ಇವು ಯಾವುದೂ ಇಲ್ಲದೆ ಸುಮ್ನೆ ಎಂಆರ್‌ಐ ಮಾಡಿಸಬೇಡ. ಏನೂ ನೋವಿಲ್ಲದವರ ಸ್ಕ್ಯಾನಿನಲ್ಲೂ ಹರಿದಿದೆ, ಸವೆದಿದೆ ಅಂತ ಬರುವುದುಂಟು. ಆ ಕಾಗದ ಓದಿಯೇ ಅರ್ಧ ಜನ ಕುಂಟುತ್ತಾರೆ. ನಾನೂ ಕುಂಟಿದ್ದೆನಲ್ಲ.

ನನಗೆ ಏಳು ತಿಂಗಳು ಬೇಕಾಯಿತು. 9ರಲ್ಲಿ 6 ಕಿಲೋ ಇಳಿಸಿದೆ. ಸವೆದ ಮಂಡಿಗೆ ತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಭಾರ ಇಳಿದ ಹಾಗೆ ಅಂತ ಆ ಹುಡುಗಿಯೇ ಹೇಳಿದ್ದು. ಆಮೇಲೆ ಒಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ನಿಂತೆ. ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು. ಅವತ್ತು ನೂರು ಹತ್ತಿ ವಾಪಸ್ ಬಂದೆ. ನಾಲ್ಕು ತಿಂಗಳಿಗೆ ದೊಡ್ಡ ನಂದಿಯ ಮುಂದೆ ಕೂತು ನೀರು ಕುಡಿದೆ. ಈಗಲೂ ತಿಂಗಳಿಗೊಮ್ಮೆ ಮೇಲಿನವರೆಗೆ ಹತ್ತುತ್ತೇನೆ. ಇಳಿಯುವುದು ಸಿಟಿ ಬಸ್ಸಿನಲ್ಲಿ. ನೋಡಿದವರು ನಗಲಿ.

ಏಪ್ರಿಲ್ ಓಟದ ಬಗ್ಗೆ ಈಗಲೇ ತೀರ್ಮಾನ ಬೇಡ. ಅದೇ ದಿನ ಚಿಕ್ಕ ದೂರದ ಓಟವೂ ಇರುತ್ತಲ್ಲ, ಬೇಕಾದರೆ ಅದರಲ್ಲಿ ಓಡು. ಇವತ್ತು ಒಂದು ಕೆಲಸ ಮಾಡು. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ, ಎರಡೂ ತೊಡೆಯ ಸುತ್ತಳತೆ ಟೇಪಿನಲ್ಲಿ ಅಳೆದು ನನಗೆ ಮೆಸೇಜ್ ಹಾಕು. ಯುಗಾದಿಗೆ ಬಂದಾಗ ದೊಡ್ಡಮ್ಮನ ಹೊಲಿಗೆ ಟೇಪಿನಲ್ಲಿ ನಾವೇ ಮತ್ತೆ ಅಳೆಯೋಣ. ಹೋಳಿಗೆ ಆಮೇಲೆ.

ಇಂತಿ ನಿನ್ನ
ದೊಡ್ಡಪ್ಪ